ತರುಣರ ಸಂಗೀತವೂ ಹಿರಿಯರ ನಗೆಯೂ

ನಗೆಯಲ್ಲಿ ಆರು ಬಗೆಗಳುಂಟೆಂದು ಭರತನ ನಾಟ್ಯಶಾಸ್ತ್ರವು ಹೇಳುವುದು. ಮುಗುಳುನಗೆಯಾದ ಸ್ಮಿತವು ಉತ್ತಮರದು. ಸಲ್ಲದೆಡೆಯಲ್ಲಿ ಹೆಗಲು ತಲೆಗಳನ್ನು ಅಲುಗಿಸಿ ನಗುವ ಅಪಹಸಿತವು ಅಧಮರದು. ಮೈಸೂರಿನ ನಮ್ಮ ಮನೆಯಲ್ಲಿ ಕಿರಿಯ ಮಗನು ರಾಕ್ ಸಂಗೀತಕ್ಕೆ ತಲೆ ಕೊಡಹುತ್ತ ಗಿಟಾರು ಬಾರಿಸಿದಾಗ ನಾವು ನಕ್ಕುದು ಅಪಹಸಿತವೇ ಸರಿ. ಅಂದಿನಿಂದ ಅವನು ಕೋಣೆಯ ಬಾಗಿಲು ಮುಚ್ಚಿಕೊಂಡನು.

ಅಮೆರಿಕೆಯ ‘ಸ್ಯಾಟರ್‌ಡೇ ನೈಟ್ ಲೈವ್’ ಎಂಬ ಟೆಲಿವಿಷನ್ ವಿನೋದಾವಳಿಯಲ್ಲಿ 1989ರಿಂದ ‘ವೇನ್ಸ್ ವರ್ಲ್ಡ್’ ಎಂಬ ಪ್ರಹಸನವು ಮತ್ತೆ ಮತ್ತೆ ಬರುತ್ತಿದ್ದಿತು. ವೇನ್, ಗಾರ್ತ್ ಎಂಬ ರಾಕ್ ಮರುಳಿನ ಹುಡುಗರಿಬ್ಬರು ಮನೆಯ ನೆಲಮಾಳಿಗೆಯಿಂದಲೇ ಕಾರ್ಯಕ್ರಮ ನಡೆಸುವರು. ಮೈಕ್ ಮೈಯರ್ಸ್, ಡೇನಾ ಕಾರ್ವಿ ಎಂಬ ನಟರು ಆ ಹುಡುಗರ ಹುಚ್ಚಾಟವನ್ನು ನಗೆಗೀಡುಮಾಡಿದರು. ಅವರ ಅಕ್ಕರೆಯನ್ನು ಹಳಿಯಲಿಲ್ಲ. 1992ರಲ್ಲಿ ಅದು ಚಲಚ್ಚಿತ್ರವಾದಾಗ, ಅದರಲ್ಲಿ ಬಂದ 1975ರ ‘ಬೊಹೀಮಿಯನ್ ರಾಪ್ಸಡಿ’ ಎಂಬ ಹಾಡು ಪುನಃ ಜನಪ್ರಿಯವಾಯಿತು.

ನಮ್ಮ ಊರಿನಲ್ಲಿಯೇ ಬೆಳೆದು ಭರತನಾಟ್ಯ ಕಲಿತ ರಘು ದೀಕ್ಷಿತರು, ಸಹಪಾಠಿಯೊಬ್ಬನ ಪರಿಹಾಸಕ್ಕೆ ಪಂಥ ಕಟ್ಟಿ ಗಿಟಾರು ಕಲಿತರು. ಮುಂದೆ ಶಿಶುನಾಳ ಶರೀಫರ ಪದಗಳನ್ನೇ ಅದರೊಡನೆ ಹಾಡಿದರು. ಎಲ್ಲ ತರುಣರೂ ಪರಿಹಾಸವನ್ನು ಹೀಗೆ ಗೆಲ್ಲಲಾರರು. ಕೆಲವರು ಬಾಗಿಲು ಮುಚ್ಚಿಕೊಳ್ಳುವರು.

ಮೊನ್ನೆ ನಾವು ಬಾಗಿಲು ತಟ್ಟಿ, “ನಾವೂ ಕೇಳಬಹುದೇ?” ಎಂದೆವು. ಅವನು ತೆರೆದನು. ಆ ಸದ್ದು ನಮಗಿನ್ನೂ ಒಗ್ಗಿಲ್ಲ. ನಗೆ ಮಾತ್ರ ಸ್ಮಿತಕ್ಕೆ ಬಂದಿದೆ.