ಕಸದಿಂದ ಪೆರಾಕ್ಸೈಡ್: ಅಸಲಿ ಲೆಕ್ಕ ಇರೋದು ವಾಪಸ್ ಹಿಡಿಯೋದ್ರಲ್ಲಿ

ಗಾಯಕ್ಕೆ ಹಾಕಿದ್ರೆ ಬುಸುಬುಸು ಅಂತ ನೊರೆ ಬರುತ್ತಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಇವತ್ತಿನ ಕಥೆ ಅದರದ್ದು. ಕಾಗದ, ಬಟ್ಟೆ ಬಿಳುಪು ಮಾಡೋಕೂ ಇದು ಟನ್‌ಗಟ್ಟಲೆ ಬೇಕು. ಕೊನೆಗೆ ಒಡೆದು ಬರೀ ನೀರು, ಆಮ್ಲಜನಕ ಆಗುತ್ತೆ.

ಆದ್ರೆ ತಯಾರಿಸೋ ದಾರಿ ಅಷ್ಟು ಸರಳ ಅಲ್ಲ. ಬಹುಪಾಲು ಪೆರಾಕ್ಸೈಡ್ ಬರೋದು ಆಂಥ್ರಾಕ್ವಿನೋನ್ ವಿಧಾನದಿಂದ. ಅದಕ್ಕೆ ಹೈಡ್ರೋಜನ್ ಅನಿಲ, ದುಬಾರಿ ಪಲ್ಲಾಡಿಯಂ, ಸಾವಯವ ದ್ರಾವಕ, ದೊಡ್ಡ ಕಾರ್ಖಾನೆ ಎಲ್ಲಾ ಬೇಕು.

ಇನ್ನೊಂದು ದಾರಿ ಫೋಟೋಕ್ಯಾಟಲಿಸ್ಟ್, ಅಂದ್ರೆ ಬೆಳಕಿನಿಂದ ಕೆಲಸ ಮಾಡೋ ವೇಗವರ್ಧಕ. ಬೆಳಕು ಬಿದ್ದಾಗ ಅದರ ಎಲೆಕ್ಟ್ರಾನ್‌ಗಳು ಸಡಿಲ ಆಗ್ತವೆ. ನೀರಲ್ಲಿ ಕರಗಿರೋ ಆಮ್ಲಜನಕಕ್ಕೆ ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಸಿಕ್ರೆ ಪೆರಾಕ್ಸೈಡ್ ರೆಡಿ. 2019ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು ಫೀನಾಲ್ ಜಾತಿಯ ರಾಳದಿಂದ ಇದನ್ನ ಮಾಡಿ ತೋರಿಸಿದ್ರು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಶೇ 0.5ರಷ್ಟು ಪೆರಾಕ್ಸೈಡ್‌ನಲ್ಲಿ ಉಳೀತು.

ಇಲ್ಲಿ ಕಸದ ಎಂಟ್ರಿ. ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್‌ನಲ್ಲೂ ಫೀನಾಲ್ ಗುಂಪುಗಳಿವೆ. ಕಾಗದದ ಮಿಲ್‌ಗಳಲ್ಲಿ ಅದು ಕಪ್ಪು ದ್ರವದ ಜೊತೆ ಹೊರಬಂದು, ಹೆಚ್ಚಿನದ್ದು ಬಾಯ್ಲರ್‌ನಲ್ಲಿ ಉರಿದುಹೋಗುತ್ತೆ. ಅದನ್ನೇ ವೇಗವರ್ಧಕ ಮಾಡಿದ್ರೆ?

ಬಿ.ಕಾಂ. ಓದಿರೋ ನನ್ನ ತಲೆ ಓಡೋದು ಲೆಕ್ಕದ ಕಡೆಗೆ. ಮೊದಲನೇದು, ಕಸ ಪುಕ್ಕಟೆ ಅಲ್ಲ. ಅದನ್ನ ಉರಿಸಿ ಬರೋ ಹಬೆಯಿಂದಲೇ ಮಿಲ್ ನಡೀತಿರುತ್ತೆ. ಎರಡನೇದು, ವೇಗವರ್ಧಕ ಖರ್ಚಾಗೋ ಸರಕಲ್ಲ, ಮೆಷಿನ್ ಥರ ಆಸ್ತಿ. ಮತ್ತೆ ಮತ್ತೆ ದುಡೀಬೇಕು. ಹಿಟ್ಟಿನಂಥ ಪುಡಿ ನೀರಲ್ಲಿ ಕದಡಿಹೋದ್ರೆ ಸೋಸೋದೇ ದೊಡ್ಡ ಖರ್ಚು, ಪ್ರತಿ ಸಲ ಒಂದಿಷ್ಟು ನಷ್ಟ ಬೇರೆ.

ಉಪಾಯ ಏನಪ್ಪಾ ಅಂದ್ರೆ, ಪುಡಿಗೆ ಐರನ್ ಆಕ್ಸೈಡ್ ಸೇರಿಸೋದು. ಪಾತ್ರೆ ಹೊರಗೆ ಆಯಸ್ಕಾಂತ ಹಿಡಿದ್ರೆ ಪುಡಿ ಒಂದು ಕಡೆ ಬಂದು ಕೂರುತ್ತೆ. ಆದ್ರೆ ಕಬ್ಬಿಣಕ್ಕೂ ಪೆರಾಕ್ಸೈಡ್‌ಗೂ ಆಗಿಬರಲ್ಲ. ಕಬ್ಬಿಣ ಪೆರಾಕ್ಸೈಡ್‌ನ ಒಡೆದುಹಾಕುತ್ತೆ. 1894ರಿಂದ ಗೊತ್ತಿರೋ ಫೆಂಟನ್ ಕ್ರಿಯೆ ಇದು. ಬೇಲಿಯೇ ಹೊಲ ಮೇಯ್ದಂಗೆ!

ಹಾಗಾಗಿ ಕಬ್ಬಿಣದ ಕಣಕ್ಕೆ ಇಂಗಾಲದ ಹೊದಿಕೆ ಹಾಕ್ತಾರೆ. ಇಲ್ಲಾಂದ್ರೆ ಕಬ್ಬಿಣ ಬಿಟ್ಟು, ಪುಡಿಯನ್ನ ಮಣಿಯಾಗಿ ಕಟ್ತಾರೆ, ಹಾಳೆಗೆ ಅಂಟಿಸ್ತಾರೆ. ಆಗ ಹಿಡಿಯೋದು ಸುಲಭ, ಆದ್ರೆ ಬೆಳಕು ಒಳಗಿನ ಕಣಕ್ಕೆ ಸರಿಯಾಗಿ ತಲುಪಲ್ಲ.

ಮುಂದಿನ ಸಲ ‘ಕಸದಿಂದ ರಸ’ ಅನ್ನೋ ಹೆಡ್‌ಲೈನ್ ಕಂಡ್ರೆ ಮೂರು ಪ್ರಶ್ನೆ ಕೇಳಿ: ಎಷ್ಟು ಸಲ ಬಳಸಿದ್ರು? ಪ್ರತಿ ಸಲ ಎಷ್ಟು ವಾಪಸ್ ಸಿಕ್ತು? ತಯಾರಾದ ಪೆರಾಕ್ಸೈಡ್‌ನಲ್ಲಿ ಒಡೆಯದೆ ಉಳಿದದ್ದೆಷ್ಟು? ಉತ್ತರ ಇದ್ರೆ ಶೇರ್ ಮಾಡಿ. ಸಿಗೋಣ!