ರಸಾಯನದ ರುಚಿಯ ಓಟ್ಸ್
ರಾತ್ರಿ ನೆನೆಸುವ ಓಟ್ಸ್‌ಗೆ ಉಡುಪಿ ಕಡೆಯ ಬಾಳೆಹಣ್ಣಿನ ರಸಾಯನದ ರುಚಿ ಚೆನ್ನಾಗಿ ಒಗ್ಗುತ್ತದೆ. ಅರ್ಧ ಕಪ್ ರೋಲ್ಡ್ ಓಟ್ಸ್‌ಗೆ ಮುಕ್ಕಾಲು ಕಪ್ ಕಾಯಿಹಾಲು, ಕರಗಿಸಿ ಸೋಸಿದ ಎರಡು ಚಮಚ ಬೆಲ್ಲ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು.

ರೋಲ್ಡ್ ಓಟ್ಸ್ ಕಾರ್ಖಾನೆಯಲ್ಲೇ ಹಬೆಯಲ್ಲಿ ಮೆತ್ತಗಾಗಿ ಚಪ್ಪಟೆಯಾದದ್ದು, ಒಲೆ ಬೇಡ. ಅದರಲ್ಲಿರುವ ಬೀಟಾ-ಗ್ಲುಕನ್ ಎಂಬ ನಾರಿನಂಶ ದ್ರವವನ್ನು ಹೀರಿ, 6ರಿಂದ 8 ಗಂಟೆಯಲ್ಲಿ ಗಟ್ಟಿ ಪಾಯಸದ ಹದಕ್ಕೆ ಬರುತ್ತದೆ. ಉಡುಪಿಯ ಕಡಿಯಾಳಿಯ ಸೆಕೆಯಲ್ಲಿ ಕಾಯಿಹಾಲು ಹೊರಗಿದ್ದರೆ ಹುಳಿಯುವುದು ಖಂಡಿತ, ಫ್ರಿಜ್ಜೇ ಗತಿ.

ಕದಳಿ ಬಾಳೆಹಣ್ಣನ್ನು ಬೆಳಿಗ್ಗೆಯೇ ಹೆಚ್ಚಬೇಕು. ರಾತ್ರಿ ಹಾಕಿದರೆ ಕಪ್ಪಾಗುತ್ತದೆ. ಮೇಲೆ ಹುರಿದ ಎಳ್ಳು.

ಗಡ್‌ಬಡ್ ಐಸ್‌ಕ್ರೀಮಿನಂತೆ ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ ಪದರಪದರವಾಗಿ ಜೋಡಿಸಲೂಬಹುದು. ಅದನ್ನು ಬೆಳಗಿನ ತಿಂಡಿ ಎನ್ನುವುದು ಮಾತ್ರ ಸ್ವಲ್ಪ ಧೈರ್ಯದ ಮಾತು.