ಪ್ರೇಕ್ಷಕರೂ ಮಹಿಳಾ ನಿರ್ದೇಶಕರೂ

ಚಲನಚಿತ್ರವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ತೆರೆಯ ಮೇಲಿನ ಮುಖ. ಆ ಮುಖವನ್ನು ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು, ಯಾರ ಕಣ್ಣಿನಿಂದ ತೋರಿಸಬೇಕೆಂದು ನಿಶ್ಚಯಿಸುವವರು ಮಾತ್ರ ನಮಗೆ ಕಾಣಿಸರು. ತೆರೆಯ ಮೇಲೆ ಹೆಣ್ಣಿಗೆ ಎಂದೂ ಬರವಿಲ್ಲ. ನಿರ್ದೇಶಕರ ಕುರ್ಚಿಯಲ್ಲಿ ಅವಳು ಇಂದಿಗೂ ಅಪರೂಪವೇ.

ಹಾಗೆಂದು ಇದು ನಿನ್ನೆ ಮೊನ್ನೆಯ ಸಾಹಸವಲ್ಲ. ಫಾತ್ಮಾ ಬೇಗಂ 1926ರಲ್ಲಿಯೇ ‘ಬುಲ್‌ಬುಲ್-ಎ-ಪರಿಸ್ತಾನ್’ ಎಂಬ ಮೂಕಿ ಚಿತ್ರವನ್ನು ನಿರ್ದೇಶಿಸಿದ್ದರು. ಕನ್ನಡದಲ್ಲಿ ಎಂ. ವಿ. ರಾಜಮ್ಮನವರು 1943ರಷ್ಟು ಹಿಂದೆಯೇ ‘ರಾಧಾರಮಣ’ಕ್ಕೆ ನಿರ್ಮಾಪಕಿಯಾದರು. ಆದರೆ ಪ್ರೇಮಾ ಕಾರಂತರ ‘ಫಣಿಯಮ್ಮ’ ಬಂದದ್ದು ಅದಾದ ನಾಲ್ಕು ದಶಕಗಳ ಮೇಲೆ, 1983ರಲ್ಲಿ.

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಓದಿದವರಿಗೆ ಕಥೆ ಗೊತ್ತೇ ಇದೆ. ಬಾಲ್ಯದಲ್ಲಿಯೇ ವಿಧವೆಯಾದ ಫಣಿಯಮ್ಮ ತನ್ನ ಬಾಳನ್ನು ಮಾತಿಲ್ಲದೆ ಸವೆಸುತ್ತಾಳೆ; ಮುಂದಿನ ತಲೆಮಾರಿನ ತರುಣ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಲ್ಲುತ್ತಾಳೆ. ಇಂಥ ಕಥೆಯಲ್ಲಿ ಕಣ್ಣೀರನ್ನು ಕೊಡಗಟ್ಟಲೆ ಸುರಿಸುವುದು ಸುಲಭ. ಪ್ರೇಮಾ ಕಾರಂತರು ಆ ಸುಲಭದ ದಾರಿ ಹಿಡಿಯಲಿಲ್ಲ. ಎಲ್. ವಿ. ಶಾರದಾ ಅವರ ಮೌನವೇ ಅಲ್ಲಿ ಹೆಚ್ಚು ಮಾತನಾಡುತ್ತದೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು.

ಪ್ರಶಸ್ತಿಯಿಂದ ಗೌರವ ಬರುತ್ತದೆ, ಮುಂದಿನ ಚಿತ್ರಕ್ಕೆ ಬಂಡವಾಳ ಬಂದೇ ತೀರುತ್ತದೆಂದಿಲ್ಲ. ಬಂಡವಾಳ ಹೂಡುವವನು ನೋಡುವುದು ಗಲ್ಲಾಪೆಟ್ಟಿಗೆಯನ್ನು. ಶುಕ್ರವಾರ ಬಿಡುಗಡೆಯಾದ ಚಿತ್ರದ ಹಣೆಬರಹ ಬಹುಮಟ್ಟಿಗೆ ಭಾನುವಾರ ರಾತ್ರಿಯೊಳಗೆ ಬರೆದಾಗಿರುತ್ತದೆ. ದೊಡ್ಡ ನಟನಿಲ್ಲದ ಚಿತ್ರಕ್ಕೆ ದೊರೆಯುವುದು ಹೆಚ್ಚಾಗಿ ಬೆಳಗಿನದೋ ನಡುಮಧ್ಯಾಹ್ನದ್ದೋ ಆಟ. ಆ ಹೊತ್ತಿಗೆ ಜನ ಕೆಲಸದಲ್ಲಿರುತ್ತಾರೆ. ಜನ ಬರಲಿಲ್ಲವೆಂದು ಆಟ ಕಡಿಮೆ ಮಾಡುತ್ತಾರೆ, ಆಟ ಕಡಿಮೆಯಾಯಿತೆಂದು ಜನ ಬರುವುದಿಲ್ಲ. ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದಿದ್ದರಂತೂ ಖಾಲಿ ಕುರ್ಚಿಯ ನಷ್ಟವೆಲ್ಲ ನಿರ್ಮಾಪಕರ ತಲೆಗೆ. ಗಂಡಸಿನ ಚಿತ್ರ ಸೋತರೆ ಆ ಚಿತ್ರ ಸೋತಿತು ಎನ್ನುತ್ತಾರೆ. ಹೆಂಗಸಿನದು ಸೋತರೆ ಹೆಂಗಸರ ಚಿತ್ರ ಓಡುವುದಿಲ್ಲ ಎನ್ನುತ್ತಾರೆ!

ಇದನ್ನರಿತೇ ಅಮೆರಿಕದ ಮಹಿಳಾ ಚಿತ್ರಸಂಸ್ಥೆಯೊಂದು 2015ರಲ್ಲಿ ಪ್ರೇಕ್ಷಕರ ಮುಂದೆ ಒಂದು ವ್ರತವನ್ನಿಟ್ಟಿತು: ವಾರಕ್ಕೊಂದರಂತೆ ವರ್ಷದಲ್ಲಿ 52, ಮಹಿಳೆಯರು ನಿರ್ದೇಶಿಸಿದ ಚಿತ್ರಗಳನ್ನು ನೋಡುವುದು. ಕೇರಳದಲ್ಲಿ ಸರ್ಕಾರದ ಚಲನಚಿತ್ರ ನಿಗಮವೇ ಮಹಿಳಾ ನಿರ್ದೇಶಕರಿಗೆ ಹಣ ಒದಗಿಸಿತು; ಶ್ರುತಿ ಶರಣ್ಯಂ ಅವರ ‘ಬಿ 32 ಮುತಲ್ 44 ವರೆ’ 2023ರಲ್ಲಿ ಬಂದದ್ದು ಹಾಗೆ. ಆದರೆ ಸರ್ಕಾರ ಚಿತ್ರ ಮಾಡಿಸಬಲ್ಲದು, ಟಿಕೆಟ್ಟು ಕೊಳ್ಳಿಸಲಾರದು.

ಹೆಂಗಸು ಮಾಡಿದ್ದೆಂದು ಕೆಟ್ಟ ಚಿತ್ರವನ್ನು ಹೊಗಳಬೇಕೆ? ಖಂಡಿತ ಬೇಡ. ಅವಳ ಚಿತ್ರ ಹೆಂಗಸರ ಗೋಳಿನದೇ ಆಗಿರಬೇಕೆಂದೂ ಇಲ್ಲ. ಸುಮನಾ ಕಿತ್ತೂರು 2012ರಲ್ಲಿ ‘ಎದೆಗಾರಿಕೆ’ ಮಾಡಿದಾಗ ಅದು ಭೂಗತ ಲೋಕದ ಕಥೆಯಾಗಿತ್ತು. ನೋಡಿದ ಮೇಲೆ ಬೇಕಾದಷ್ಟು ಬೈಯಬಹುದು. ನೋಡುವುದು ಮೊದಲ ಮೂರು ದಿನಗಳಲ್ಲಾಗಬೇಕು.

ಹಿಂದೊಮ್ಮೆ ಇಂಥದೊಂದು ಚಿತ್ರಕ್ಕೆ ನಾವು ಐದು ಜನ ಗೆಳತಿಯರು ಸೋಮವಾರ ಹೋದೆವು. ಗೋಡೆಯ ಮೇಲೆ ಆಗಲೇ ಬೇರೆ ಪೋಸ್ಟರು ಅಂಟಿತ್ತು, ಗೋಂದು ಇನ್ನೂ ಒಣಗಿರಲಿಲ್ಲ. ಮುಂದಿನ ಸಲ ಶನಿವಾರದ ಆಟಕ್ಕೇ ಹದಿನೇಳು ಮಂದಿ ಹೋದೆವು. ಸೋಮವಾರವೂ ಆ ಚಿತ್ರ ಅಲ್ಲಿಯೇ ಇತ್ತು. ಅದು ನಮ್ಮಿಂದಲೇ ಎಂದು ನಾನು ಹೇಳಲಾರೆ.